ಹೊಸ ಬೀರು ತರುವ ಮೊದಲು

ಚಿ. ಸೌ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ಮನೆಯಲ್ಲಿ ಸಾಮಾನು ಹಿಡಿಸುತ್ತಿಲ್ಲ, ಇನ್ನೊಂದು ಬೀರು ತರಿಸಬೇಕು ಅಂತಿದ್ದೀಯಂತೆ. ನಿಮ್ಮಮ್ಮ ಹೇಳಿದಳು. ಸದ್ಯಕ್ಕೆ ತರಿಸಬೇಡ, ಪ್ಲಾಸ್ಟಿಕ್ ಡಬ್ಬಿ-ಬುಟ್ಟಿಗಳನ್ನೂ ಆರ್ಡರ್ ಮಾಡಬೇಡ. ಇಬ್ಬರಿಗೆ ಎರಡು ಕೋಣೆಯ ಮನೆ ಧಾರಾಳವಾಯಿತು. ಬೇಡದ್ದನ್ನು ತೆಗೆದು ಚೀಲಕ್ಕೆ ಹಾಕುವ ತನಕ ಎಲ್ಲರೂ ಮಾಡುತ್ತಾರೆ. ಆ ಚೀಲ ಯಾರಿಗೆ, ಯಾವ ದಿನ ಹೋಗಬೇಕು ಅಂತ ಗೊತ್ತಿರುವುದಿಲ್ಲ. ಬಾಗಿಲ ಹಿಂದೆ ಎರಡು ತಿಂಗಳು ಕೂತು, ನೆಂಟರು ಬರುವ ಹಿಂದಿನ ದಿನ ಮತ್ತೆ ಬೀರುವಿಗೇ ತುರುಕಲ್ಪಡುತ್ತದೆ.

ಆದ್ದರಿಂದ ಯಾವ ಕಪಾಟನ್ನೂ ತೆರೆಯುವ ಮೊದಲು, ಏನು ಎಲ್ಲಿಗೆ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸು. ದಿನದ ಕಸದ ಲೆಕ್ಕ ನಿನಗೆ ಗೊತ್ತೇ ಇದೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಆದೇಶ ಬಂದಾಗಿನಿಂದ ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿಕಸ, ಕೆಂಪಿಗೆ ಪ್ಯಾಡ್-ಡೈಪರ್-ಬ್ಯಾಂಡೇಜು, ಚೀಲಕ್ಕೆ ಒಣಕಸ. ಆದರೆ ಮನೆ ಹಸನು ಮಾಡುವಾಗ ಹೊರಬೀಳುವ ಎಷ್ಟೋ ಸಾಮಾನು ಈ ಮೂರರಲ್ಲೂ ಸೇರುವುದಿಲ್ಲ. ಪೇಪರ್, ರಟ್ಟು, ಕಬ್ಬಿಣ ಗುಜರಿಗೆ. ಕಾಲೇಜು ಪುಸ್ತಕ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿಗೆ, ಅದೂ ಸಿಲೆಬಸ್ ಬದಲಾಗುವ ಮೊದಲು; ಬದಲಾದ ಮೇಲೆ ಅದಕ್ಕೆ ತೂಕದ ಬೆಲೆಯೇ. ಹಾಕಿಕೊಳ್ಳಲು ಬರುವ ಬಟ್ಟೆ ಒಗೆದು ಮಡಿಸಿ, ಗೂಂಜ್‌ನಂಥ ಸಂಸ್ಥೆಗೆ ಅಥವಾ ಕೆಲಸದವಳಿಗೆ, ಮೊದಲು ಅವಳನ್ನು ಕೇಳಿ. ಕೆಟ್ಟ ಚಾರ್ಜರ್, ಬ್ಯಾಟರಿ, ಸಿಎಫ್‌ಎಲ್ ಬಲ್ಬು ಇ-ತ್ಯಾಜ್ಯದವರಿಗೆ. ನಿಮ್ಮ ವಾರ್ಡಿನ ಒಣಕಸ ಸಂಗ್ರಹ ಕೇಂದ್ರ ಎಲ್ಲಿದೆ, ಏನೇನು ತೆಗೆದುಕೊಳ್ಳುತ್ತಾರೆ ಅಂತ ಒಮ್ಮೆ ವಿಚಾರಿಸಿಕೊಂಡು ಬಾ. ಪ್ರತಿಯೊಂದರ ಮುಂದೆ ಒಂದು ವಾರ ಬರೆ: ಪೇಪರ್ ಶನಿವಾರ, ಬಟ್ಟೆ ತಿಂಗಳ ಎರಡನೇ ಭಾನುವಾರ, ಹೀಗೆ. ಹಾಳೆ ತಯಾರಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಸಲಕ್ಕೆ ಅರ್ಧ ಗಂಟೆ, ಒಂದು ಡ್ರಾಯರ್ ಅಥವಾ ಕಪಾಟಿನ ಒಂದು ಅಂತಸ್ತು ಮಾತ್ರ. ಹಳೇ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಅದರ ಮೇಲೆ ಸುರಿ. ಇದ್ದಲ್ಲೇ ಇಟ್ಟು ಆರಿಸಲು ಹೋದರೆ ಕಣ್ಣು ಮುಂದಿನ ಸಾಲನ್ನಷ್ಟೇ ನೋಡುತ್ತದೆ. ಖಾಲಿಯಾದ ಜಾಗ ಒರೆಸಿ, ಬೇಕಾದ್ದನ್ನು ಮೊದಲು ಒಳಗಿಡು. ಉಳಿದದ್ದು ಅದೇ ದಿನ ಅದರದರ ಚೀಲಕ್ಕೆ. ತೀರ್ಮಾನ ಆಗದ್ದಕ್ಕೆ ಒಂದೇ ಒಂದು ರಟ್ಟಿನ ಪೆಟ್ಟಿಗೆ ಇರಲಿ. ತುಂಬಿದ ಮೇಲೆ ಟೇಪು ಹಚ್ಚಿ ಮೂರು ತಿಂಗಳ ಮುಂದಿನ ತಾರೀಕು ಬರೆದಿಡು. ಆ ತಾರೀಕಿನೊಳಗೆ ಯಾವುದಕ್ಕೂ ಅದನ್ನು ಬಿಚ್ಚುವ ಪ್ರಸಂಗ ಬರದಿದ್ದರೆ ಕೊಟ್ಟುಬಿಡು. ಎರಡನೇ ಪೆಟ್ಟಿಗೆ ಶುರುವಾಯಿತೋ, ನೀನು ತೀರ್ಮಾನ ಮಾಡುವುದನ್ನು ನಿಲ್ಲಿಸಿದ್ದೀಯ ಅಂತಲೇ ಲೆಕ್ಕ.

ಅಡುಗೆಮನೆಯಿಂದ ಶುರು ಮಾಡು, ಅಲ್ಲಿ ಮನಸ್ಸಿಗೆ ನೋವಾಗುವ ಸಾಮಾನು ಕಡಿಮೆ. ಮೊದಲ ದಿನ ಡಬ್ಬಿ-ಮುಚ್ಚಳ. ಎಲ್ಲ ಡಬ್ಬಿಗಳನ್ನೂ ನೆಲಕ್ಕಿಳಿಸಿ ಮುಚ್ಚಳ ಹಾಕಿ ನೋಡು. ಜೋಡಿ ಇಲ್ಲದ ಮುಚ್ಚಳ, ಬಾಯಿ ಸೊಟ್ಟಗಾದ ಡಬ್ಬಿ ಅವತ್ತೇ ಹೊರಗೆ. ಹೋಟೆಲಿನ ಪಾರ್ಸೆಲ್ ಡಬ್ಬಿ ಆರು ಸಾಕು, ಅವಕ್ಕೆ ಬಿಸಿ ಸಾರು ಸುರಿಯಬೇಡ. ಪ್ಲಾಸ್ಟಿಕ್ ಕವರಿನೊಳಗೆ ಕವರು ತುಂಬಿ ಬಾಗಿಲಿಗೆ ನೇತುಹಾಕಿದ್ದೀಯಲ್ಲ, ಅದರಲ್ಲಿ ಹತ್ತು ಗಟ್ಟಿ ಕವರು ಇಟ್ಟುಕೊಂಡು ಉಳಿದದ್ದು ಒಣಕಸಕ್ಕೆ ಕೊಡು. ನಂದಿನಿ ಹಾಲಿನ ಕವರು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡ, ಅಂಟಿಕೊಂಡೇ ಇರಲಿ. ಆ ಚೂರು ಸಿಂಕಿಗೋ ಹಸಿಕಸಕ್ಕೋ ಸೇರಿದರೆ ಮತ್ತೆ ಆರಿಸಲಾಗುವುದಿಲ್ಲ. ಕವರು ತೊಳೆದು, ಒಣಗಿಸಿ, ಆಮೇಲೆ ಚೀಲಕ್ಕೆ. ಎಣ್ಣೆ-ಹಾಲು ಅಂಟಿದ ಒಂದು ಕವರು ಇಡೀ ಚೀಲದ ಪೇಪರನ್ನು ಕೆಡಿಸಿ ಇರುವೆ ತರುತ್ತದೆ.

ಇನ್ನು ದಿನಸಿ. ಹಳೇ ಬೇಳೆಯ ಮೇಲೆ ಹೊಸ ಬೇಳೆ ಸುರಿಯುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ತಳದಲ್ಲಿ ಉಳಿದದ್ದರಲ್ಲಿ ಹುಳದ ಮೊಟ್ಟೆ ಇದ್ದರೆ ಮೇಲಿನ ಎರಡು ಕಿಲೋವೂ ಹೋಯಿತು. ಡಬ್ಬಿ ಖಾಲಿ ಮಾಡಿ, ಒರೆಸಿ, ಬಿಸಿಲಿಗಿಟ್ಟು ಆಮೇಲೆ ತುಂಬು. ಇಬ್ಬರಿಗೆ ತೊಗರಿಬೇಳೆ ಒಂದು ಕಿಲೋಗಿಂತ ಹೆಚ್ಚು ತರಬೇಡ. ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ ತುಂಬಿಡು. ಬಿಸಿಯಾಗಿದ್ದಾಗ ಮುಚ್ಚಿದರೆ ಬೆವರಿ ಗಂಟುಕಟ್ಟುತ್ತದೆ. ಸಾರಿನ ಪುಡಿ, ಹುಳಿಪುಡಿ ಮೂರು ತಿಂಗಳಿಗಾಗುವಷ್ಟೇ ಹೊರಗಿರಲಿ. ಊರಿಂದ ಅಮ್ಮ ಹೆಚ್ಚು ಕಳಿಸಿದರೆ ಅದು ಫ್ರೀಜರಿಗೆ. ಡಬ್ಬಿಯ ತಳಕ್ಕೆ ಪೇಪರ್ ಟೇಪಿನಲ್ಲಿ ತಿಂಗಳು ಬರೆದು ಅಂಟಿಸು.

ಯುಟಿಲಿಟಿಯಲ್ಲಿ ಬಕೆಟ್, ಡ್ರಮ್ ಜಾಸ್ತಿ ಇವೆ ಅಂತ ಎಸೆಯಲು ಹೊರಡಬೇಡ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಅವು ಸಾಮಾನಲ್ಲ, ಆಸ್ತಿ. ಬಿರುಕು ಬಿಟ್ಟವನ್ನು ಮಾತ್ರ ತೆಗೆ. ಹಿತ್ತಾಳೆ, ತಾಮ್ರ ಗುಜರಿಗೆ ಹಾಕುವುದಿದ್ದರೆ ಮನೆಯಲ್ಲೇ ಲಗೇಜ್ ತೂಗುವ ಕೈತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊ. ಗುಜರಿಯವನ ತಕ್ಕಡಿ ಯಾವಾಗಲೂ ಅವನ ಪರವೇ.

ಬಟ್ಟೆಯ ಬೀರುವಿನಲ್ಲಿ ಜಾಗ ತಿನ್ನುತ್ತಿರುವುದು ನಿನ್ನ ಕುರ್ತಾಗಳಲ್ಲ, ಅರಿಶಿನ-ಕುಂಕುಮದಲ್ಲಿ ಬಂದ ರವಿಕೆ ಕಣಗಳು. ಯಾರೂ ಹೊಲಿಸುವುದಿಲ್ಲ, ಯಾರೂ ಎಸೆಯುವುದಿಲ್ಲ, ಮನೆಯಿಂದ ಮನೆಗೆ ತಿರುಗುತ್ತವೆ. ಎಲ್ಲವನ್ನೂ ಬಿಚ್ಚಿ ನೋಡು. ಟೂ ಬೈ ಟೂ ಹತ್ತಿಯದು ಇದ್ದರೆ ಲೈನಿಂಗಿಗೋ ಸಣ್ಣ ಚೀಲಕ್ಕೋ ಎತ್ತಿಡು. ಒಳ್ಳೆಯ ಸ್ಥಿತಿಯಲ್ಲಿರುವುದರಲ್ಲಿ ಹನ್ನೆರಡು ಮಾತ್ರ ಒಂದು ಡಬ್ಬಿಯಲ್ಲಿಟ್ಟು, ಅಲ್ಲೇ ತಾಂಬೂಲದ ಚೀಲಗಳನ್ನೂ ಇಡು. ವರಮಹಾಲಕ್ಷ್ಮಿಗೆ, ಗೌರಿಗೆ ಅದರಿಂದಲೇ ಕೊಡು. ಡಬ್ಬಿ ಅರ್ಧ ಖಾಲಿಯಾಗುವ ತನಕ ಹೊಸದು ಕೊಳ್ಳಬೇಡ. ಉಳಿದದ್ದನ್ನು ಹೊಲಿಗೆ ಕಲಿಸುವ ಯಾವುದಾದರೂ ಮಹಿಳಾ ಸಂಘಕ್ಕೆ ಕೊಟ್ಟರೆ ಕಲಿಯುವವರ ಕೈಗೆ ಬಟ್ಟೆ ಸಿಗುತ್ತದೆ.

ರೇಷ್ಮೆ ಸೀರೆ ಪ್ಲಾಸ್ಟಿಕ್ ಕವರಿನಲ್ಲಿ ಬೇಡವೇ ಬೇಡ. ಒಳಗಿನ ತೇವ ಹೊರಗೆ ಹೋಗದೆ ಮಚ್ಚೆ ಬೀಳುತ್ತದೆ. ಒಗೆದ ಹಳೇ ಬಿಳಿ ಪಂಚೆಯನ್ನು ತುಂಡು ಮಾಡಿ ಒಂದೊಂದರಲ್ಲಿ ಒಂದೊಂದು ಸುತ್ತಿಡು. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ, ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿಡು. ಮೂರು-ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸು, ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಅಲ್ಲೇ ಸೀಳುತ್ತದೆ. ಗಾಳಿಗೆ ಹಾಕುವುದು ಜನವರಿ-ಫೆಬ್ರವರಿಯ ಒಣ ದಿನಗಳಲ್ಲಿ, ನೆರಳಲ್ಲಿ.

ಕಾಗದಪತ್ರಕ್ಕೆ ಅರ್ಧ ಗಂಟೆ ಸಾಲದು, ಎರಡು ಭಾನುವಾರ ಇಟ್ಟುಕೊ. ನಾಲ್ಕು ಫೈಲು ಮಾಡು. ಮೊದಲನೆಯದು ಎಂದೂ ಎಸೆಯಬಾರದ್ದು: ಜನನ ಪತ್ರ, ಮದುವೆ ನೋಂದಣಿ ಪತ್ರ, ಅಂಕಪಟ್ಟಿ, ನಿನ್ನ ಮಾವನವರ ಸೈಟಿನ ಕ್ರಯಪತ್ರ, ಖಾತೆ, ಋಣಭಾರ ಪತ್ರ, ವರ್ಷವರ್ಷದ ಕಂದಾಯ ರಸೀದಿ. ಇ-ಖಾತೆ ಬಂತು ಅಂತ ಹಳೇ ಖಾತೆ ಪತ್ರ ಹರಿಯುವವರಿದ್ದಾರೆ, ನೀನು ಹಾಗೆ ಮಾಡಬೇಡ. ಮಾರುವಾಗ, ಸಾಲ ತೆಗೆಯುವಾಗ ವಕೀಲರು ಹಿಂದಿನ ಕೊಂಡಿಗಳನ್ನೆಲ್ಲ ಕೇಳುತ್ತಾರೆ. ಎರಡನೆಯದು ತೆರಿಗೆ: ರಿಟರ್ನ್, ಫಾರ್ಮ್ 16, ಅದಕ್ಕೆ ಆಧಾರವಾದ ರಸೀದಿ. ಎಂಟು ವರ್ಷದ್ದು ಇಟ್ಟುಕೊಂಡರೆ ನೆಮ್ಮದಿ. ಮೂರನೆಯದು ನಡೆಯುತ್ತಿರುವುದು: ವಿಮೆ, ವಾರಂಟಿ, ಮನೆಯ ಕರಾರುಪತ್ರ. ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಬಿಟ್ಟರೂ ಅಡ್ವಾನ್ಸ್ ಪೂರ್ತಿ ಕೈಗೆ ಬರುವ ತನಕ ಅದನ್ನು ಬಿಸಾಡಬೇಡ. ನಾಲ್ಕನೆಯದು ಈ ವರ್ಷದ ಕರೆಂಟು, ನೀರು, ಗ್ಯಾಸಿನ ಬಿಲ್ಲುಗಳು. ಯುಗಾದಿಗೆ ಅದನ್ನು ಖಾಲಿ ಮಾಡು.

ಅಂಗಡಿಯಲ್ಲಿ ಕೊಡುವ ನುಣುಪು ಬಿಲ್ಲಿನ ಅಕ್ಷರ ವರ್ಷದೊಳಗೇ ಅಳಿಸಿಹೋಗಬಹುದು, ಪ್ಲಾಸ್ಟಿಕ್ ಹಾಳೆಯೊಳಗಿಟ್ಟರೆ ಇನ್ನೂ ಬೇಗ. ವಾರಂಟಿಗೆ ಬೇಕಾದ್ದರ ಜೆರಾಕ್ಸ್ ಮಾಡಿಸಿ, ಫೋಟೊವನ್ನೂ ತೆಗೆದಿಡು. ಆಧಾರ್, ಪ್ಯಾನ್ ಜೆರಾಕ್ಸ್ ಪ್ರತಿಗಳು ಹೆಚ್ಚಾಗಿದ್ದರೆ ಗುಜರಿ ಪೇಪರಿನ ನಡುವೆ ಸೇರಿಸಬೇಡ. ಸಣ್ಣಗೆ ಹರಿದು, ನೀರಲ್ಲಿ ನೆನೆಸಿ ಹಿಸುಕಿ ಎಸೆ. ಡಿಜಿಲಾಕರಿನಲ್ಲಿ ನೇರವಾಗಿ ಇಲಾಖೆಯಿಂದ ಬಂದ ದಾಖಲೆಗೆ ಅಸಲಿನ ಮಾನ್ಯತೆ ಇದೆ. ನೀನೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಅದಿಲ್ಲ, ಅದನ್ನು ನಂಬಿ ಅಸಲು ಕಳೆದುಕೊಳ್ಳಬೇಡ.

ವೈರುಗಳ ಡಬ್ಬಿ ನಿನ್ನ ಯಜಮಾನರ ಪಾಲಿಗೆ ಬಿಡು. ಒಂದೊಂದನ್ನೂ ಹಚ್ಚಿ ನೋಡಿ, ಕೆಲಸ ಮಾಡುವುದಕ್ಕೆ ಯಾವುದರದ್ದು ಅಂತ ಚೀಟಿ ಅಂಟಿಸಲಿ. ಒಂದು ಬಗೆಗೆ ಒಂದು, ಜೊತೆಗೊಂದು ಹೆಚ್ಚುವರಿ, ಅಷ್ಟೇ. ಹಳೇ ಫೋನ್ ಕೊಡುವ ಮೊದಲು ಗೂಗಲ್ ಖಾತೆಯಿಂದ ಹೊರಬಂದು ಆಮೇಲೆ ರೀಸೆಟ್ ಮಾಡಬೇಕು. ಹಾಗೆ ಮಾಡದಿದ್ದರೆ ತೆಗೆದುಕೊಂಡವರಿಗೆ ನಿಮ್ಮ ಪಾಸ್‌ವರ್ಡ್ ಇಲ್ಲದೆ ತೆರೆಯದೇ ಹೋಗಬಹುದು. ಸಿಮ್, ಮೆಮೊರಿ ಕಾರ್ಡ್ ತೆಗೆಯಲಿ. ಹೊಟ್ಟೆ ಉಬ್ಬಿದ ಬ್ಯಾಟರಿ ಕಂಡರೆ ಚುಚ್ಚಬಾರದು, ಒತ್ತಬಾರದು, ಒಣಕಸದ ಚೀಲಕ್ಕೂ ಹಾಕಬಾರದು. ಗಾಡಿಯಲ್ಲಿ ಕಸ ಅದುಮುವಾಗ ಬೆಂಕಿ ಹತ್ತಿಕೊಳ್ಳಬಹುದು. ಒಣ ಮರಳಿನಲ್ಲಿಟ್ಟು ಆದಷ್ಟು ಬೇಗ ಇ-ತ್ಯಾಜ್ಯದವರಿಗೆ ಕೊಟ್ಟುಬಿಡಿ.

ಔಷಧಿ ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಸ್ಟ್ರಿಪ್ಪಿನಿಂದ ಮಾತ್ರೆ ತೆಗೆಯುವಾಗ ತಾರೀಕು ಅಚ್ಚಾದ ತುದಿಯನ್ನು ಕೊನೆಗೆ ಉಳಿಸು. ಕಣ್ಣಿನ ಡ್ರಾಪ್ಸ್ ಸಾಮಾನ್ಯವಾಗಿ ತೆರೆದ ತಿಂಗಳ ಮೇಲೆ ಉಪಯೋಗಿಸಬಾರದು, ತೆರೆದ ದಿನ ಅದರ ಮೇಲೇ ಬರೆ. ಅವಧಿ ಮೀರಿದ್ದನ್ನು ಕಮೋಡಿಗೆ ಸುರಿಯದೆ, ಬೇರೆ ಪೊಟ್ಟಣ ಕಟ್ಟಿ ಕಸದವರಿಗೆ ಹೇಳಿ ಕೊಡು.

ದೇವರ ಹಳೇ ಪಟಗಳನ್ನು ಅಶ್ವತ್ಥಕಟ್ಟೆಯಲ್ಲಿಟ್ಟು ಬರುವುದು ಜವಾಬ್ದಾರಿಯನ್ನು ಮರಕ್ಕೆ ದಾಟಿಸಿದ ಹಾಗೆ. ಮಳೆಗೆ ನೆನೆದು, ಗಾಜು ಒಡೆದು, ಕೊನೆಗೆ ಪೌರಕಾರ್ಮಿಕರ ಕೈಗೇ ಚುಚ್ಚುತ್ತದೆ. ನಮಸ್ಕಾರ ಮಾಡಿ ಚೌಕಟ್ಟು ಬಿಚ್ಚು. ಮರ ಬೇರೆ, ಮೊಳೆ ಬೇರೆ. ಗಾಜನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ ಮೇಲೆ ‘ಗಾಜು’ ಅಂತ ದೊಡ್ಡದಾಗಿ ಬರೆ. ಚಿತ್ರವನ್ನು ಹರಿಯಲು ಮನಸ್ಸು ಬಾರದಿದ್ದರೆ ಬಕೆಟ್ ನೀರಿನಲ್ಲಿ ಎರಡು ದಿನ ನೆನೆಸು, ಮುದ್ದೆಯಾಗುತ್ತದೆ. ನುಣುಪು ಕ್ಯಾಲೆಂಡರ್ ಕಾಗದ ಕರಗುವುದಿಲ್ಲ, ಅದು ಪೇಪರ್ ಜೊತೆಗೇ ಹೋಗಲಿ.

ನಿನ್ನ ಅತ್ತೆಯವರ ಟ್ರಂಕಿಗೆ ಕೈ ಹಾಕಬೇಡ. ಅವರು ಊರಲ್ಲಿರುವಾಗ ಸದ್ದಿಲ್ಲದೆ ಖಾಲಿ ಮಾಡುವುದಂತೂ ಕೂಡದು. ಒಂದು ಪಾತ್ರೆ ಹೋದರೆ ಹತ್ತು ವರ್ಷ ನೆನಪಿಟ್ಟು ಕೇಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಅವರಿಗೆ ಅಂತ ಒಂದು ಕಪಾಟು ಪೂರ್ತಿ ಬಿಟ್ಟುಕೊಡು, ಅದರೊಳಗಿನ ವ್ಯವಸ್ಥೆ ಅವರದು.

ಗೋಡೆಯ ಮೇಲ್ಗಡೆಯ ಸಜ್ಜೆ ಎಲ್ಲಕ್ಕಿಂತ ಕೊನೆಗೆ, ಸಂಕ್ರಾಂತಿಯಿಂದ ಯುಗಾದಿಯ ಒಳಗೆ. ಮಳೆಗಾಲದಲ್ಲಿ ರಟ್ಟು ತೇವ ಹೀರಿರುತ್ತದೆ, ಇಳಿಸುವಾಗಲೇ ತಳ ಕಳಚುತ್ತದೆ. ಜಿರಳೆಗೆ ರಟ್ಟಿನ ಸುಕ್ಕುಗಳ ಸಂದು ಅಂದರೆ ಬಲು ಇಷ್ಟ. ಆದ್ದರಿಂದ ಟೀವಿ, ಮಿಕ್ಸಿಯ ಖಾಲಿ ಡಬ್ಬಗಳನ್ನು ವಾರಂಟಿ ಮುಗಿಯುತ್ತಲೇ ಚಪ್ಪಟೆ ಮಾಡಿ ಕೊಡು. ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ ಬೇಕಾಗುವುದು ಇಲ್ಲಿ ಮಾತ್ರ, ಅದೂ ಎಷ್ಟು ಉಳಿಯಿತು ಅಂತ ನೋಡಿದ ಮೇಲೆ.

ದಸರಾ ಗೊಂಬೆಗಳ ವಿಷಯ ಬೇರೆಯೇ. ಬೆಂಗಳೂರಿಗೆ ಜೋರು ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಗೊಂಬೆ ಇಳಿದು ಕೂರುವುದೂ ಆಗಲೇ. ವಿಜಯದಶಮಿ ಆದ ಮಾರನೇ ದಿನವೇ ಸುತ್ತಿಟ್ಟರೆ ತೇವವನ್ನೂ ಜೊತೆಗೆ ಸುತ್ತಿದ ಹಾಗಾಗಿ, ಮುಂದಿನ ವರ್ಷಕ್ಕೆ ಬಣ್ಣ ಎದ್ದಿರುತ್ತದೆ. ಎರಡು ದಿನ ಫ್ಯಾನಿನ ಕೆಳಗಿಡು, ಒಣ ಬ್ರಷ್ಷಿನಿಂದ ಧೂಳು ತೆಗೆ. ಪಟ್ಟದ ಗೊಂಬೆಗೆ, ಮಣ್ಣಿನ ಗೊಂಬೆಗೆ ಮೆತ್ತನೆಯ ಹತ್ತಿ ಬಟ್ಟೆ ಸುತ್ತು. ದಿನಪತ್ರಿಕೆ ನೇರವಾಗಿ ತಾಗಿದರೆ ಮಸಿ ಹತ್ತುತ್ತದೆ, ಅದು ಹೊರಗಿನ ಪದರಕ್ಕೆ ಇರಲಿ. ಚನ್ನಪಟ್ಟಣದ ಅರಗಿನ ಗೊಂಬೆಗಳಿಗೆ ಬಿಸಿ ಆಗದು, ಬಿಸಿಲು ಬೀಳುವ ಗೋಡೆಯ ಪಕ್ಕ ಬೇಡ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪೆಟ್ಟಿಗೆಯ ಮುಂದಿನ ಮೈಗೆ ಯಾವ ಮೆಟ್ಟಿಲಿನ ಗೊಂಬೆ ಅಂತ ಬರೆದು, ತುಂಬುವ ಮೊದಲು ಒಂದು ಫೋಟೊ ತೆಗೆದಿಡು.

ಏಣಿ ಹತ್ತುವ ದಿನ ಮನೆಯಲ್ಲಿ ಇನ್ನೊಬ್ಬರು ಇರಲಿ, ಮೇಲಿಂದ ಪೆಟ್ಟಿಗೆ ಇಳಿಸಿಕೊಳ್ಳುವುದಕ್ಕೂ ಏಣಿ ಹಿಡಿಯುವುದಕ್ಕೂ. ಅಳಿಯಂದಿರಿಗೆ ಶನಿವಾರ ರಜೆ ಇದ್ದರೆ ಅವತ್ತೇ ಇಟ್ಟುಕೊ, ಹಳೇ ಪೇಪರಿನವನೂ ಅಂದೇ ಬರುತ್ತಾನೆ.

ಇಂತಿ,
ನಿನ್ನ ದೊಡ್ಡಮ್ಮ