ಫೋಲ್ಡರ್ ಕಾಣ್ತಿಲ್ಲ ಅಂತ ಬಾಗಿಲೇ ಕಿತ್ತರೆ ಹೇಗೆ?

ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅಂದಿನಿಂದ ನಮ್ಮೂರಿನ ಆಡಿಟರ್ ಆಫೀಸು, ಪ್ರಿಂಟಿಂಗ್ ಪ್ರೆಸ್ಸುಗಳಿಗೆ ವಿಂಡೋಸ್ 11ರ ಕಂಪ್ಯೂಟರ್‌ಗಳು ಒಂದೊಂದಾಗಿ ಬರುತ್ತಿವೆ, ಜೊತೆಗೆ ‘ನೆಟ್‌ವರ್ಕ್‌ನಲ್ಲಿ ಶೇರ್ ಫೋಲ್ಡರ್ ಕಾಣ್ತಿಲ್ಲ’ ಅನ್ನೋ ದೂರೂ ಬರುತ್ತಿದೆ. ರಿಪೇರಿಗೆ ಬರುವ ಕೆಲವರು ಏನು ಮಾಡ್ತಾರೆ ಗೊತ್ತಾ? ಕಂಪ್ಯೂಟರ್‌ಗಳ ನಡುವೆ ಫೈಲ್ ಹಂಚಿಕೊಳ್ಳೋ ಎಸ್‌ಎಂಬಿ 1 ಅನ್ನೋ ಹಳೇ ಸೌಲಭ್ಯಕ್ಕೆ ಟಿಕ್ ಹಾಕಿ, ಹೊರಗಿನ ದಾಳಿ ತಡೆಯೋ ಫೈರ್‌ವಾಲ್ ಆಫ್ ಮಾಡಿ, ಪಾಸ್‌ವರ್ಡೂ ಬೇಡ ಅಂತ ತೆಗೆದು, ದುಡ್ಡು ತಗೊಂಡು ಹೋಗ್ತಾರೆ.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಬ್ರಿಟನ್ನಿನ ಹಲವು ಸರ್ಕಾರಿ ಆಸ್ಪತ್ರೆಗಳ ಕೆಲಸ ನಿಲ್ಲಿಸಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ. ಆಮೇಲೆ ಮೈಕ್ರೋಸಾಫ್ಟೇ ಎಸ್‌ಎಂಬಿ 1 ಅನ್ನು ಹೊಸ ವಿಂಡೋಸ್‌ಗಳಿಂದ ಬಿಡಿಸುತ್ತಾ ಬಂತು. ನೆಟ್‌ವರ್ಕ್‌ನಲ್ಲಿರೋ ಕಂಪ್ಯೂಟರ್‌ಗಳ ಪಟ್ಟಿ ತೋರಿಸುತ್ತಿದ್ದ ಹಳೇ ವ್ಯವಸ್ಥೆ ಅದನ್ನೇ ನಂಬಿಕೊಂಡಿತ್ತು, ಅದೂ ಹೋಯಿತು.

ಪಟ್ಟಿಯಲ್ಲಿ ಕಾಣದಿದ್ದರೆ ಫೋಲ್ಡರ್ ಇಲ್ಲ ಅಂತಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಫೋಲ್ಡರ್ ಇರುವ ಕಂಪ್ಯೂಟರಿನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಅಂಕಿ ವಿಳಾಸ) ಹೊಡೆಯಿರಿ. ತೆರೆದರೆ ಶೇರಿಂಗ್ ಸರಿ ಇದೆ, ಕೆಟ್ಟಿರೋದು ಪಟ್ಟಿ ಮಾತ್ರ. ಆಗ ನೆಟ್‌ವರ್ಕ್ ‘ಪಬ್ಲಿಕ್’ ಅಂತಿದ್ದರೆ ‘ಪ್ರೈವೇಟ್’ ಮಾಡಿ, ಕಂಪ್ಯೂಟರ್‌ಗಳು ಒಂದಕ್ಕೊಂದು ಕಾಣೋ ಹಾಗೆ ಮಾಡೋ ನೆಟ್‌ವರ್ಕ್ ಡಿಸ್ಕವರಿ ಆನ್ ಮಾಡಿ. ಫೋಲ್ಡರ್ ಇರುವ ಕಂಪ್ಯೂಟರಿನ ಸರ್ವಿಸಸ್ ಪಟ್ಟಿಯಲ್ಲಿ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಅನ್ನೋದನ್ನು ಆಟೋಮ್ಯಾಟಿಕ್ ಮಾಡಿ. ಇದನ್ನು ಯಾರೂ ನೋಡೋದೇ ಇಲ್ಲ, ಜಾಸ್ತಿ ಸಲ ದೋಷ ಇಲ್ಲೇ ಸಿಗುತ್ತೆ.

ಪಾಸ್‌ವರ್ಡ್ ಕೇಳಿದರೆ ಪಿನ್ ಹೊಡೆದು ಪ್ರಯೋಜನವಿಲ್ಲ, ಆ ಕಡೆಯ ಅಕೌಂಟಿನ ಪಾಸ್‌ವರ್ಡೇ ಬೇಕು. ಖಾಲಿ ಪಾಸ್‌ವರ್ಡಿಗೂ ಸಾಮಾನ್ಯವಾಗಿ ಬಿಡೋದಿಲ್ಲ. ವಿಂಡೋಸ್ 11ರ 24ಎಚ್2 ಅನ್ನೋ ಅಪ್‌ಡೇಟಿನ ಪ್ರೊ ಆವೃತ್ತಿಯಲ್ಲಂತೂ ಗೆಸ್ಟ್ ಆಗಿ, ಅಂದ್ರೆ ಪಾಸ್‌ವರ್ಡ್ ಇಲ್ಲದೆ ನುಗ್ಗೋದಕ್ಕೆ ಮೊದಲೇ ತಡೆ ಇದೆ. ಫೋಲ್ಡರ್ ಇರುವ ಕಡೆ ಪಾಸ್‌ವರ್ಡ್ ಸಮೇತ ಒಂದು ಯೂಸರ್ ಮಾಡಿಕೊಂಡು, ಆ ಫೋಲ್ಡರನ್ನು ನಿಮ್ಮ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಡ್ರೈವ್ ಆಗಿ ಮ್ಯಾಪ್ ಮಾಡಿದರೆ (ಖಾಯಂ ಜೋಡಿಸಿಕೊಂಡರೆ) ಪಟ್ಟಿಯ ಹಂಗೇ ಇರಲ್ಲ.

ನಿಜವಾದ ತಲೆನೋವು ಹಳೇ ಜೆರಾಕ್ಸ್ ಮೆಶಿನ್ನುಗಳದ್ದು. ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರಿಗೆ ಕಳಿಸೋದಕ್ಕೆ ಕೆಲವಕ್ಕೆ ಎಸ್‌ಎಂಬಿ 1 ಬಿಟ್ಟರೆ ಬೇರೆ ಗೊತ್ತಿಲ್ಲ. ಅಂಥದ್ದಕ್ಕೆ ಇಡೀ ಆಫೀಸಿನ ಬಾಗಿಲು ತೆಗೆಯೋ ಬದಲು ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡಿಕೊಳ್ಳಬಹುದು ಅಲ್ವಾ?

ರಿಪೇರಿಯವರಲ್ಲಿ ಒಂದು ವಿನಂತಿ. ಬಿಲ್ಲಿನಲ್ಲಿ ಸುಮ್ನೆ ‘ನೆಟ್‌ವರ್ಕ್ ಸರಿಪಡಿಸಿದ್ದು’ ಅಂತ ಬರೆಯಬೇಡಿ. ಏನು ಆನ್ ಮಾಡಿದಿರಿ, ಏನು ಆಫ್ ಮಾಡಿದಿರಿ ಅಂತ ಬರೆದುಕೊಡಿ.

– ಒಬ್ಬ ಓದುಗ, ದಾವಣಗೆರೆ