ಬಲ್ಗೇರಿಯಾಕ್ಕೆ ಹೊರಟವರಿಗೆ ಮೊದಲು ಅಕ್ಷರಮಾಲೆ ಕೊಡಿ

ಮಾನ್ಯ ಸಂಪಾದಕರೇ,

ಪ್ರವಾಸ ಪುರವಣಿಗಳಲ್ಲಿ ಈಚೆಗೆ ಬಲ್ಗೇರಿಯಾದ ಹೆಸರು ಆಗಾಗ ಕಾಣಿಸುತ್ತಿರುವುದು ಸಂತೋಷ. ಆದರೆ 'ಅಗ್ಗದ ಯುರೋಪ್' ಎಂಬ ಒಂದೇ ರಾಗ, ನಾಲ್ಕು ಬಣ್ಣದ ಚಿತ್ರ, ಅಷ್ಟಕ್ಕೆ ಮುಗಿಯುತ್ತದೆ. ಅಲ್ಲಿಗೆ ಹೋಗುವವರಿಗೆ ಹೋಟೆಲಿನ ಚಿತ್ರಕ್ಕಿಂತ ಉಪಯೋಗಕ್ಕೆ ಬರುವುದು ಆ ದೇಶದ ಅಕ್ಷರಮಾಲೆ. ಅದನ್ನೊಂದು ಅಂಕಣದಷ್ಟು ಜಾಗದಲ್ಲಿ ಕನ್ನಡ ಉಚ್ಚಾರದೊಂದಿಗೆ ಅಚ್ಚು ಹಾಕಿ ಎಂದು ಕೇಳಲು ಈ ಪತ್ರ.

ಬಲ್ಗೇರಿಯನ್ ಭಾಷೆಗೆ ಸಿರಿಲಿಕ್ ಲಿಪಿ, ಒಟ್ಟು 30 ಅಕ್ಷರ. ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ, ಹೆಚ್ಚುಕಡಿಮೆ ಬರೆದಂತೆಯೇ ಓದುವುದು. ಕನ್ನಡದ ಕಾಗುಣಿತ ದಾಟಿ ಬಂದವರಿಗೆ ಎರಡು ಸಂಜೆಯ ಕೆಲಸ. ಎ, ಇ, ಕೆ, ಎಂ, ಒ, ಟಿ ಈ ಆರು ಇಂಗ್ಲಿಷಿನ ರೂಪದಲ್ಲೇ ಇವೆ. ದಾರಿ ತಪ್ಪಿಸುವವು ಇನ್ನೊಂದು ಆರು. 'ಬಿ'ಯಂತೆ ಕಾಣುವುದು ವ, 'ಎಚ್' ನ, 'ಪಿ' ರ, 'ಸಿ' ಸ, 'ವೈ' ಉ, 'ಎಕ್ಸ್' ಹ. ಕಪ್ಪು ಸಮುದ್ರದ ದಂಡೆಯ ವರ್ನಾ ಊರಿನ ಫಲಕವನ್ನು ಇಂಗ್ಲಿಷಿನಂತೆ ಓದಿದರೆ 'ಬಾಫಾ' ಆಗುತ್ತದೆ. 'ರೆಸ್ತೊರಾಂತ್' ಎಂದು ಬರೆದದ್ದು 'ಪೆಕ್ಟೋಪಾಟ್' ಎಂಬ ವಿಚಿತ್ರ ಪದವಾಗುತ್ತದೆ. ಗ, ದ, ಲ, ಪ, ಫ ಗ್ರೀಕಿನಿಂದ ಬಂದವು. ಶಾಲೆಯ ಗಣಿತ, ವಿಜ್ಞಾನದಲ್ಲಿ ಡೆಲ್ಟಾ, ಲ್ಯಾಂಬ್ಡಾ, ಪೈ ಕಂಡವರಿಗೆ ಅವುಗಳ ಗುರುತು ಸಿಗುತ್ತದೆ. ಉಳಿದ ಹದಿಮೂರನ್ನು ಬಾಯಿಪಾಠ ಮಾಡಬೇಕು. ಅವುಗಳಲ್ಲಿ ರೆಕ್ಕೆ ಬಿಚ್ಚಿದ ಚಿಟ್ಟೆಯಂಥ 'ಝ' ಅಕ್ಷರವನ್ನು ಮಾತ್ರ ಮರೆಯಬಾರದು. ಶೌಚಾಲಯದ ಬಾಗಿಲ ಮೇಲೆ ಅದು ಇದ್ದರೆ ಹೆಂಗಸರಿಗೆ, 'ಎಂ' ಇದ್ದರೆ ಗಂಡಸರಿಗೆ.

ಹೆದ್ದಾರಿಗಳಲ್ಲಿ ಊರಿನ ಹೆಸರು ರೋಮನ್ ಲಿಪಿಯಲ್ಲೂ ಇರುತ್ತದೆ ನಿಜ. ಹಳ್ಳಿಯ ಬಸ್ಸಿನ ಹಣೆಪಟ್ಟಿಯಲ್ಲಿ, ಚಿಕ್ಕ ಖಾನಾವಳಿಯ ಪಟ್ಟಿಯಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇನ್ನೊಂದು ತೊಡಕು, ಓರೆ ಅಕ್ಷರ ಮತ್ತು ಕೈಬರಹದ್ದು. ಅಲ್ಲಿ 'ತ' ಇಂಗ್ಲಿಷಿನ ಸಣ್ಣ 'ಎಂ'ನಂತೆ, 'ಪ' ಸಣ್ಣ 'ಎನ್'ನಂತೆ, 'ಇ' ಸ್ವರದ ಅಕ್ಷರ ಸಣ್ಣ 'ಯು'ನಂತೆ, 'ದ' ಸಣ್ಣ 'ಜಿ'ಯಂತೆ ಬರುತ್ತವೆ. ದೊಡ್ಡಕ್ಷರ ಕಲಿತು ಹೋದವರು ಸೀಮೆಸುಣ್ಣದಲ್ಲಿ ಬರೆದ ಊಟದ ಪಟ್ಟಿಯ ಮುಂದೆ ಸೋಲುವುದು ಇದೇ ಕಾರಣಕ್ಕೆ.

ಪತ್ರಿಕೆಯವರಿಗೂ ಒಂದು ಮಾತು. ಆ ಭಾಷೆಯ ತ, ದ ಎರಡೂ ನಮ್ಮ ತ, ದಗಳಂತೆ ಹಲ್ಲಿಗೆ ತಾಗುವವು. ಹಾಗಾಗಿ ಟ, ಡ ಬೇಡ. ಜತೆಗೆ, ನಮ್ಮ ಹ್ರಸ್ವ 'ಅ'ಕ್ಕೆ ತೀರ ಹತ್ತಿರದ ಒಂದು ಸ್ವರ ಅಲ್ಲಿದೆ. ರೋಮನ್ ಲಿಪಿಗೆ ಇಳಿಸುವಾಗ ಅದನ್ನೂ 'ಎ' ಎಂದೇ ಬರೆಯುವುದರಿಂದ ಓದುವವರು ದೀರ್ಘ ಎಳೆಯುತ್ತಾರೆ. ಎರಡನೆಯ ಬಲ್ಗೇರಿಯನ್ ಸಾಮ್ರಾಜ್ಯದ ರಾಜಧಾನಿಯಾಗಿದ್ದ, ತ್ಸಾರೆವೆತ್ಸ್ ಕೋಟೆಯ ಊರು 'ವೆಲಿಕೊ ತರ್ನೊವೊ', 'ಟಾರ್ನೋವೋ' ಅಲ್ಲ. ಇಂಗ್ಲಿಷಿನವರಿಗೆ ಕಷ್ಟವಾಗುವ ಈ ಸ್ವರ ಕನ್ನಡದ ನಾಲಿಗೆಗೆ ಸಲೀಸು. ಬರೆಯುವಾಗ ಯಾಕೆ ಕೆಡಿಸಬೇಕು?

ಇದನ್ನು ರಷ್ಯನ್ ಲಿಪಿ ಎನ್ನುವುದೂ ಸರಿಯಲ್ಲ. ಸಿರಿಲ್, ಮೆಥೋಡಿಯಸ್ ಸೋದರರು 9ನೇ ಶತಮಾನದಲ್ಲಿ ರೂಪಿಸಿದ್ದು ಗ್ಲಾಗೊಲಿಟಿಕ್ ಎಂಬ ಬೇರೆಯೇ ಲಿಪಿ. ಈಗಿನದು ಬೆಳೆದದ್ದು ಅವರ ಶಿಷ್ಯಪರಂಪರೆಯಲ್ಲಿ, ಬಲ್ಗೇರಿಯಾದ ಪ್ರೆಸ್ಲಾವ್‌ನಲ್ಲಿ. ಅಕ್ಷರದ ಹೆಸರಿನಲ್ಲೇ ಅಲ್ಲಿ ಮೇ 24ರಂದು ಸರ್ಕಾರಿ ರಜೆ.

ಅಕ್ಷರ ಬಂದರೆ ನೋಟವೇ ಬದಲಾಗುವ ಜಾಗ ಸೋಫಿಯಾ ನಗರದ ಅಂಚಿನಲ್ಲಿ, ವಿತೊಶಾ ಬೆಟ್ಟದ ಬುಡದಲ್ಲಿರುವ ಬೊಯಾನಾ ಚರ್ಚು. ಒಳಗೆ 1259ರ ಭಿತ್ತಿಚಿತ್ರಗಳಿವೆ. ಉಸಿರಿನ ತೇವ, ಶಾಖದಿಂದ ಬಣ್ಣ ಕೆಡದಿರಲೆಂದು ಸಣ್ಣ ಗುಂಪಾಗಿ, ಹತ್ತೇ ನಿಮಿಷ ಬಿಡುತ್ತಾರೆ. ಫೋಟೊ ತೆಗೆಯುವಂತಿಲ್ಲ. ಹತ್ತು ನಿಮಿಷದಲ್ಲಿ ಎಲ್ಲವನ್ನೂ ನೋಡುತ್ತೇನೆಂದರೆ ಒಂದೂ ದಕ್ಕದು. ಕಟ್ಟಿಸಿದ ಕಲೊಯಾನ್ ಮತ್ತು ಅವನ ಹೆಂಡತಿ ದೆಸಿಸ್ಲಾವಾ ನಿಂತಿರುವ ಗೋಡೆಗೆ ನೇರ ಹೋಗಿ. ಇಬ್ಬರ ಮುಖವೂ ಸಂತರ ಅಚ್ಚಿನದಲ್ಲ, ಬದುಕಿದ್ದ ಮನುಷ್ಯರದು. ಪಕ್ಕದ ಬರಹದಲ್ಲಿ ಹಳೆಯ ಅಕ್ಷರಗಳೂ ಹ್ರಸ್ವರೂಪಗಳೂ ಸೇರಿರುವುದರಿಂದ ಪೂರ್ತಿ ಓದಲಾಗದಿದ್ದರೂ ಹೆಸರು ಹುಡುಕಬಹುದು.

ಸೋಫಿಯಾದಿಂದ ಸುಮಾರು 120 ಕಿ.ಮೀ. ದಕ್ಷಿಣಕ್ಕಿರುವ ರಿಲಾ ಮಠಕ್ಕೆ ಅರ್ಧ ದಿನ ಸಾಕೆಂಬ ಸಲಹೆಯನ್ನು ನಂಬಬೇಡಿ. ಹೋಗಿಬರುವುದರಲ್ಲೇ ನಾಲ್ಕೈದು ಗಂಟೆ ಕಳೆಯುತ್ತದೆ. ನೇರ ಬಸ್ಸು ವಿರಳ, ಮರಳುವ ಬಸ್ಸಿನ ವೇಳೆ ಕೇಳಿಕೊಂಡೇ ಹತ್ತಬೇಕು. 1833ರ ಬೆಂಕಿಯ ನಂತರ ಮತ್ತೆ ಕಟ್ಟಿದ ಅಂಗಳದಲ್ಲಿ ಹಳೆಯದಾಗಿ ಉಳಿದಿರುವುದು 14ನೇ ಶತಮಾನದ ಹ್ರೆಲ್ಯೊ ಗೋಪುರ. ಚರ್ಚಿನ ಹೊರ ಮೊಗಸಾಲೆಯ ಚಿತ್ರಗಳನ್ನು ಮನಸಾರೆ ನೋಡಬಹುದು, ಒಳಗೆ ಕ್ಯಾಮೆರಾ ನಿಷಿದ್ಧ. ಟಿಕೆಟ್ ಕೊಂಡು ವಸ್ತುಸಂಗ್ರಹಾಲಯಕ್ಕೂ ಹೋಗಿ. ರಫಾಯಿಲ್ ಎಂಬ ಸನ್ಯಾಸಿ ಹನ್ನೆರಡು ವರ್ಷ ಕೊರೆದು 1802ರಲ್ಲಿ ಮುಗಿಸಿದ ಮರದ ಶಿಲುಬೆ ಅಲ್ಲಿದೆ.

ಇನ್ನು ಹಳೆಯ ಮಾಹಿತಿಯಿಂದ ಆಗುವ ಪಜೀತಿ. 2025ರ ಜನವರಿ 1ರಿಂದ ಬಲ್ಗೇರಿಯಾ ಪೂರ್ತಿ ಷೆಂಗೆನ್ ವಲಯದೊಳಗಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ). ಅಲ್ಲಿ ಕಳೆದ ದಿನಗಳೂ ಇಡೀ ವಲಯದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದೆಂಬ ಲೆಕ್ಕಕ್ಕೆ ಸೇರುತ್ತವೆ. ಒಂದೇ ಪ್ರವೇಶದ ವೀಸಾ ಹಿಡಿದು ಸೋಫಿಯಾದಿಂದ ವಲಯದ ಹೊರಗಿನ ಇಸ್ತಾಂಬುಲ್‌ಗೆ ಹೋದರೆ ವೀಸಾ ಅಲ್ಲಿಗೇ ಮುಗಿಯಿತು, ಮರಳಲಾಗದು. 2026ರ ಜನವರಿ 1ರಿಂದ ನಾಣ್ಯ ಯೂರೊ. ಯಾರಾದರೂ ಹಳೆಯ ಲೆವಾ ನೋಟು ಕೊಟ್ಟರೆ ಮುಟ್ಟಬೇಡಿ. ಹಳೆಯ ಬೆಲೆಯ ಫಲಕ ಕಂಡರೆ ಎರಡರಿಂದ ಭಾಗಿಸಿದರೆ ಸರಿಸುಮಾರು ಯೂರೊ ಸಿಗುತ್ತದೆ (ನಿಗದಿತ ದರ ಯೂರೊಗೆ 1.95583 ಲೆವಾ). ಅಲ್ಲಿನ ಒಂದು ಯೂರೊ ನಾಣ್ಯದ ಮೇಲಿರುವುದು ರಿಲಾದ ಸಂತ ಇವಾನ್.

ತಲೆಯಾಡಿಸುವ ವಿಷಯ ಎಲ್ಲರೂ ಬರೆಯುತ್ತಾರೆ, ಅರ್ಧ ಮಾತ್ರ. ಅಡ್ಡಡ್ಡ ಆಡಿಸಿದರೆ ಹೌದು. ಗಲ್ಲ ಮೇಲೆತ್ತಿ 'ತ್ಸ್' ಎಂದರೆ ಇಲ್ಲ. ಆದರೆ ಪ್ರವಾಸಿಗರೊಂದಿಗೆ ಒಡನಾಡುವವರು ಎಷ್ಟೋ ಸಲ ವಿದೇಶಿ ರೀತಿಯಲ್ಲೇ ಆಡಿಸುತ್ತಾರೆ. ಇತ್ತ ನಮ್ಮದು ಅತ್ತಲೂ ಅಲ್ಲದ ಇತ್ತಲೂ ಅಲ್ಲದ ತೂಗಾಟ. ಬಸ್ಸು ಇದೇ ಹೌದೇ ಎಂದು ಕೇಳಿದಾಗ ತಲೆಯನ್ನು ನೋಡದೆ ಕಿವಿಗೊಡಬೇಕು. 'ದಾ' ಹೌದು, 'ನೆ' ಅಲ್ಲ.

ಸಸ್ಯಾಹಾರಿಗಳಿಗೆ ಎರಡು ಪದ ಬೇಕು. 'ಬೆಜ್ ಮೆಸೊ' ಅಂದರೆ ಮಾಂಸವಿಲ್ಲದ್ದು, ಮೊಟ್ಟೆ ಇರಬಹುದು. ಬೆಳಗಿನ ತಿಂಡಿ ಬಾನಿತ್ಸಾದ ಪದರಗಳ ನಡುವೆ ಸಾಮಾನ್ಯವಾಗಿ ಮೊಟ್ಟೆಯೂ ಸಿರೆನೆ ಎಂಬ ಉಪ್ಪು ಚೀಸೂ ಇರುತ್ತವೆ. 'ಪೊಸ್ನೊ' ಎಂದರೆ ಚರ್ಚಿನ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು ಮೂರೂ ಇಲ್ಲ. ಹುರುಳಿಕಾಯಿಬೀಜದ ಸಾರು 'ಬೊಬ್ ಚೊರ್ಬಾ'ಗೆ ಕೆಲವೆಡೆ ಸಾಸೇಜ್ ಹಾಕುತ್ತಾರೆ, 'ಪೊಸ್ನಾ' ಎಂದು ಕೇಳಿಯೇ ತರಿಸಿಕೊಳ್ಳಿ. ಮೊಸರನ್ನ ಬಿಟ್ಟಿರಲಾರದವರಿಗೆ ತರಾತೊರ್ ಇದೆ. ನೀರು ಬೆರೆಸಿದ ಗಟ್ಟಿ ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಕ್ರೋಟು, ಎಣ್ಣೆ. ಒಗ್ಗರಣೆಯೊಂದು ಇಲ್ಲ. ಆ ಮೊಸರಿನ ಬ್ಯಾಕ್ಟೀರಿಯಾವನ್ನು 1905ರಲ್ಲಿ ಗುರುತಿಸಿದವರು ಸ್ತಾಮೆನ್ ಗ್ರಿಗೊರೊವ್. ಅದಕ್ಕೆ 40ರಿಂದ 45 ಡಿಗ್ರಿ ಬಿಸಿ ಬೇಕು. ಆ ಹೆಪ್ಪನ್ನು ತಂದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಇಟ್ಟರೆ ಮೊಸರು ಕೂರುವುದಿಲ್ಲ.

ಕಜನ್‌ಲಕ್‌ನ ಗುಲಾಬಿ ಕಣಿವೆಗೆ ಮೇ ನಡುವಿನಿಂದ ಜೂನ್ ಮೊದಲ ವಾರದೊಳಗೆ ಹೋಗಬೇಕು, ಅದೂ ಬೆಳಗಿನ ಜಾವ. ಬಿಸಿಲೇರಿದರೆ ಹೂವಿನ ಎಣ್ಣೆ ಆರಿಹೋಗುವುದರಿಂದ ಕೊಯ್ಲು ಬೇಗ ಮುಗಿಯುತ್ತದೆ. ಒಂದು ಕಿಲೊ ಎಣ್ಣೆಗೆ ಮೂರು ಟನ್ನಿಗೂ ಹೆಚ್ಚು ಹೂ ಬೇಕು. ಅಲ್ಲಿನ ಥ್ರೇಸಿಯನ್ (ಆ ನಾಡಿನ ಪ್ರಾಚೀನ ಜನರ) ಸಮಾಧಿಯಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ನೋಡುವುದು ಪಕ್ಕದಲ್ಲಿ ಕಟ್ಟಿದ ಪ್ರತಿಕೃತಿ. ಮೂಲದೊಳಗೆ ಚಿತ್ರಗಳ ರಕ್ಷಣೆಗಾಗಿ ಎಲ್ಲರನ್ನೂ ಬಿಡುವುದಿಲ್ಲ. ಗುಲಾಬಿಗೆ ಅಲ್ಲಿ 'ಗ್ಯುಲ್' ಎಂಬ ಹಳೆಯ ಹೆಸರೂ ಇದೆ. ನಮ್ಮ ಗುಲಾಬಿಯ 'ಗುಲ್' ಅದೇ, ಎರಡೂ ಪಾರಸಿಯಿಂದ ಬಂದವು. ಸಂತೆಗೆ 'ಪಜಾರ್', ಸಾಬೂನಿಗೆ 'ಸಪೂನ್', ಚಹಕ್ಕೆ 'ಚಾಯ್'. ಅಕ್ಷರ ಕೂಡಿಸಿ ಓದಿದಾಗ ಇಂಥ ನಂಟರು ಅಂಗಡಿಯ ಫಲಕಗಳಲ್ಲೇ ಸಿಗುತ್ತಾರೆ.

ಕೋಷ್ಟಕ ಅಚ್ಚು ಹಾಕುವುದಾದರೆ ಮುದ್ರಿತ ರೂಪದ ಪಕ್ಕದಲ್ಲೇ ಕೈಬರಹದ ರೂಪವನ್ನೂ ಕೊಡಿ. ಕತ್ತರಿಸಿ ಪಾಸ್‌ಪೋರ್ಟಿನೊಳಗೆ ಮಡಚಿಡುವಷ್ಟು ಅಗಲವಿದ್ದರೆ ಸಾಕು.

ಇಂತಿ,
ನಿಮ್ಮ ಓದುಗ
ಮೈಸೂರು