ಫೇರೋಗಳ ಬಣ್ಣ ಕೇಳಿದ ಗೆಳೆಯನಿಗೆ

ಪ್ರಿಯ ಗೆಳೆಯ,

ಡಿಸೆಂಬರಿನಲ್ಲಿ ಈಜಿಪ್ಟಿಗೆ ಹೊರಟಿದ್ದೀಯೆಂದು ತಿಳಿದು ಸಂತೋಷವಾಯಿತು. ಜೊತೆಗೆ ನೀನು ಕಳಿಸಿದ ಸಂದೇಶವನ್ನೂ ಓದಿದೆ. ಡಿಎನ್ಎ ಪರೀಕ್ಷೆಯಾಗಿದೆ, ಫೇರೋಗಳು, ಅಂದರೆ ಪ್ರಾಚೀನ ಈಜಿಪ್ಟಿನ ದೊರೆಗಳು, ಆಫ್ರಿಕನ್ನರಲ್ಲವೆಂದು ಸಾಬೀತಾಗಿದೆ, ಇನ್ನು ವಾದಕ್ಕೆ ಜಾಗವಿಲ್ಲ ಎನ್ನುತ್ತದೆ ಅದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಂದೇಶದಲ್ಲಿರುವ ಅಧ್ಯಯನ 2017ರದು. ಫೈಯೂಮ್ ಸಮೀಪದ ಅಬುಸಿರ್ ಅಲ್-ಮೆಲೆಕ್ ಎಂಬ ಒಂದೇ ಊರಿನ 151 ಮಮ್ಮಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. ತಾಯಿಯಿಂದ ಮಾತ್ರ ಬರುವ ಡಿಎನ್ಎ 90 ಜನರದು ಸಿಕ್ಕಿತು. ತಂದೆತಾಯಿ ಇಬ್ಬರ ಕಡೆಯ ವಂಶವನ್ನೂ ತಿಳಿಸುವ ಮಾಹಿತಿ ದೊರೆತದ್ದು ಮೂವರದು ಮಾತ್ರ. ಅವರು ಪ್ರಾಚೀನ ಪಶ್ಚಿಮ ಏಷ್ಯಾದ ಜನರಿಗೆ ಹತ್ತಿರವಿದ್ದರು, ಸಹಾರಾದ ದಕ್ಷಿಣದ ಅಂಶ ಅವರಲ್ಲಿ ಇಂದಿನ ಈಜಿಪ್ಟಿನವರಿಗಿಂತ ಕಡಿಮೆಯಿತ್ತು. ಇದು ನಿಜ. ಆದರೆ ಅವರಲ್ಲಿ ಫೇರೋ ಒಬ್ಬನೂ ಇಲ್ಲ. ಆ ಊರು ಈಜಿಪ್ಟಿನ ಉತ್ತರ ಭಾಗದಲ್ಲಿದೆ, ದಕ್ಷಿಣದ ತುದಿಯ ಅಸ್ವಾನಿನಿಂದ ಬಹಳ ದೂರ. ಒಂದು ಊರನ್ನು ನೋಡಿ ಇಡೀ ದೇಶದ ಬಗ್ಗೆ ಹೇಳಲಾಗದೆಂದು ಸಂಶೋಧಕರೇ ಬರೆದಿದ್ದಾರೆ. ಆ ಸಾಲು ಸಂದೇಶದಲ್ಲಿಲ್ಲ.

2025ರಲ್ಲಿ ಇನ್ನೂ ಹಳೆಯ ಒಬ್ಬನ ಡಿಎನ್ಎ ವಿವರ ಪ್ರಕಟವಾಯಿತು. ಈಜಿಪ್ಟಿನ ನುವೈರಾತ್ ಎಂಬಲ್ಲಿ, ದೊಡ್ಡ ಮಣ್ಣಿನ ಮಡಕೆಯೊಳಗೆ ಹೂಳಲ್ಪಟ್ಟಿದ್ದವನು, ಕ್ರಿ.ಪೂ. 2855ರಿಂದ 2570ರ ನಡುವೆ ಬದುಕಿದ್ದವನು. ಮೂಳೆಗಳಲ್ಲಿ ಉಳಿದ ಸವೆತ ನೋಡಿದರೆ ಕುಂಬಾರನಾಗಿದ್ದಿರಬಹುದಂತೆ. ಅವನ ವಂಶದ ನೂರಕ್ಕೆ ಸುಮಾರು 80 ಪಾಲು ಉತ್ತರ ಆಫ್ರಿಕಾದ್ದು, ಉಳಿದ 20 ಪಾಲು ಮೆಸೊಪೊಟೇಮಿಯಾದ (ಇಂದಿನ ಇರಾಕ್) ಕಡೆಯದು. ಇವನನ್ನು 'ಆಫ್ರಿಕನ್ ಅಲ್ಲ' ಎನ್ನುವುದು ಹೇಗೆ?

ಅಷ್ಟಕ್ಕೂ, ಕರಿಯರೋ ಬಿಳಿಯರೋ ಎಂಬ ಪ್ರಶ್ನೆಗೆ ಬಲ ಬಂದದ್ದು ನೈಲ್ ದಡದಲ್ಲಲ್ಲ, ಗುಲಾಮಗಿರಿಯ ಅಮೆರಿಕದಲ್ಲಿ. ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್, ಈಜಿಪ್ಟಿನಲ್ಲಿ ಅಮೆರಿಕದ ಕಾನ್ಸಲ್ ಕಚೇರಿಯ ಪ್ರತಿನಿಧಿಯಾಗಿದ್ದ ಗ್ಲಿಡನ್ ಕಳಿಸಿದ ತಲೆಬುರುಡೆಗಳನ್ನು ಅಳೆದು 1844ರಲ್ಲಿ ಪುಸ್ತಕ ಪ್ರಕಟಿಸಿದ. ಈಜಿಪ್ಟಿನಲ್ಲಿ ಕಪ್ಪುಜನ ಇದ್ದರು, ಆದರೆ ಆಗಲೂ ಸೇವಕರಾಗಿ, ಗುಲಾಮರಾಗಿಯೇ ಇದ್ದರು ಎಂಬುದು ಅವನ ತೀರ್ಮಾನ. ಅಮೆರಿಕದ ದಕ್ಷಿಣದ ಜಮೀನ್ದಾರರಿಗೆ ಬೇಕಾಗಿದ್ದುದೂ ಅದೇ. ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1854ರಲ್ಲಿ ಕಾಲೇಜೊಂದರ ವೇದಿಕೆಯ ಮೇಲೆ ನಿಂತು ಮಾರ್ಟನ್ನನಿಗೆ ಉತ್ತರ ಕೊಟ್ಟ. ಇಂಥ ಅಳತೆಯ ಹುಚ್ಚು ನಮ್ಮವರನ್ನೂ ಬಿಡಲಿಲ್ಲ. ಮದ್ರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಜಾತಿಗಳ ತಲೆ, ಮೂಗುಗಳನ್ನು ಅಳೆದು 1909ರಲ್ಲಿ ಏಳು ಸಂಪುಟಗಳನ್ನು ಹೊರತಂದ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಕುಶ್ ರಾಜ್ಯದ ಕಥೆ. ಈಜಿಪ್ಟಿನ ದಕ್ಷಿಣ ತುದಿಯಿಂದ ಸೂಡಾನಿನ ಉತ್ತರದವರೆಗೆ ಹಬ್ಬಿರುವ ನೈಲ್ ದಡದ ನಾಡಿಗೆ ನುಬಿಯಾ ಎಂದು ಹೆಸರು. ಅಲ್ಲಿಯ, ಇಂದಿನ ಸೂಡಾನಿನ ನೆಲದಿಂದ ಹೊರಟ ಕುಶ್ ದೊರೆಗಳು ಕ್ರಿ.ಪೂ. 8ನೇ ಶತಮಾನದಲ್ಲಿ ಈಜಿಪ್ಟನ್ನು ಗೆದ್ದು 25ನೇ ರಾಜವಂಶವಾದರು. ಪಿಯೇ ಎಂಬ ದೊರೆಯ ವಿಜಯ ಶಾಸನ ಸೂಡಾನಿನ ಗೆಬೆಲ್ ಬರ್ಕಲ್‌ನಲ್ಲಿ ಸಿಕ್ಕಿದೆ. ಸೋತ ರಾಜನ ಲಾಯಕ್ಕೆ ಹೋಗಿ, ಹಸಿದು ಸೊರಗಿದ ಕುದುರೆಗಳನ್ನು ಕಂಡು ಅವನು ಕಿಡಿಕಿಡಿಯಾಗುತ್ತಾನೆ. ಶರಣಾಗಲು ಬಂದ ಈಜಿಪ್ಟಿನ ಅರಸರಲ್ಲಿ ಮೀನು ತಿನ್ನುವವರನ್ನು ಅಶುದ್ಧರೆಂದು ಅರಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅಮುನ್ ದೇವರ ಮಡಿಯಲ್ಲಿ ಈಜಿಪ್ಟಿನವರನ್ನೂ ಮೀರಿಸಿದವನು! ಇಂಥವರ ಸಮಾಧಿಗಳನ್ನು 20ನೇ ಶತಮಾನದ ಆರಂಭದಲ್ಲಿ ಅಗೆದ ಅಮೆರಿಕದ ಜಾರ್ಜ್ ರೈಸ್ನರ್, ಈ ದೊರೆಗಳು ಲಿಬಿಯಾ ಮೂಲದವರಿರಬೇಕು ಎಂದ. ಕಪ್ಪುಜನ ಇಷ್ಟನ್ನೆಲ್ಲ ಕಟ್ಟಿದರೆಂದು ನಂಬಲು ಅವನಿಗೆ ಆಗಲಿಲ್ಲ. ಸೂಡಾನಿನಲ್ಲೇ ಇರುವ, ಇನ್ನೂ ಹಳೆಯ ಊರಾದ ಕೆರ್ಮಾದ ಬೃಹತ್ ಸಮಾಧಿದಿಬ್ಬದಲ್ಲಿ ಈಜಿಪ್ಟಿನ ಅಧಿಕಾರಿಯೊಬ್ಬನ ಪ್ರತಿಮೆ ಸಿಕ್ಕಿತೆಂದು ಆ ದಿಬ್ಬ ಆ ಅಧಿಕಾರಿಯದೇ ಸಮಾಧಿ ಎಂದುಬಿಟ್ಟ. ಕೆರ್ಮಾ ನುಬಿಯಾದ ಅರಸರದೇ ರಾಜಧಾನಿ ಎಂಬುದನ್ನು ಸ್ವಿಟ್ಜರ್ಲೆಂಡಿನ ಪುರಾತತ್ವಜ್ಞ ಶಾರ್ಲ್ ಬೊನೆ ದಶಕಗಳ ಕಾಲ ಅಲ್ಲೇ ಅಗೆದು ತೋರಿಸಬೇಕಾಯಿತು. 2003ರಲ್ಲಿ ಅವರ ತಂಡಕ್ಕೆ ಅಲ್ಲಿಯ ಗುಂಡಿಯೊಂದರಲ್ಲಿ ಕುಶ್ ದೊರೆಗಳ ಏಳು ಒಡೆದ ಪ್ರತಿಮೆಗಳು ಸಿಕ್ಕವು. ತಹಾರ್ಕಾ ಅವರಲ್ಲೊಬ್ಬ.

ಇದೆಲ್ಲ ತಿಳಿದ ಮೇಲೆ ಸೆನೆಗಲ್‌ನ ಇತಿಹಾಸಕಾರ ಚೇಖ್ ಅಂತಾ ಜೋಪ್ 1954ರಲ್ಲಿ 'ಈಜಿಪ್ಟ್ ಕಪ್ಪುಜನರ ನಾಗರಿಕತೆ' ಎಂದು ಗುಡುಗಿದ್ದು ನನಗೆ ಅತಿರೇಕವಾಗಿ ಕಾಣುವುದಿಲ್ಲ. 1974ರಲ್ಲಿ ಕೈರೋದಲ್ಲಿ ಯುನೆಸ್ಕೋ ಏರ್ಪಡಿಸಿದ ಸಭೆಯಲ್ಲಿ ಅವರು ಮತ್ತು ಕಾಂಗೋದ ವಿದ್ವಾಂಸ ಒಬೆಂಗಾ ಮಾಡಿಕೊಂಡಿದ್ದ ಸಿದ್ಧತೆ ಎಲ್ಲರದ್ದಾಗಿರಲಿಲ್ಲ ಎಂದು ಸಭೆಯ ವರದಿಯೇ ಹೇಳುತ್ತದೆ. ಇಡೀ ಈಜಿಪ್ಟಿನ ಜನರನ್ನು ಒಂದೇ ಬಣ್ಣಕ್ಕೆ ಸೇರಿಸಿದ್ದನ್ನು ಮಾತ್ರ ನಾನು ಒಪ್ಪಲಾರೆ. ಆದರೆ ಈಜಿಪ್ಟನ್ನು ಆಫ್ರಿಕಾದ ನೆಲಕ್ಕೆ ಮರಳಿಸಿದವರು ಅವರು.

ಈಜಿಪ್ಟಿನವರಿಗೆ ತಾವು ಬೇರೆ, ನುಬಿಯನ್ನರು ಬೇರೆ, ಲಿಬಿಯನ್ನರು ಬೇರೆ ಎಂಬ ಭಾವನೆ ಚೆನ್ನಾಗಿಯೇ ಇತ್ತು. ನುಬಿಯಾದ ಶತ್ರುಗಳನ್ನು ಕೈಕಟ್ಟಿದ ಸೆರೆಯಾಳುಗಳಾಗಿ ಕೆತ್ತಿಸಿದರು. ಆದರೆ ದಕ್ಷಿಣ ಈಜಿಪ್ಟಿನ ಗೆಬೆಲೈನ್‌ನಲ್ಲಿ ನೆಲೆಸಿದ ನುಬಿಯನ್ ಸೈನಿಕರು ತಮ್ಮ ಮೂಲವನ್ನು ಮುಚ್ಚಿಡದೆ ಈಜಿಪ್ಟಿನ ರೀತಿಯಲ್ಲೇ ಸಮಾಧಿಕಲ್ಲು ನಿಲ್ಲಿಸಿಕೊಂಡರು. ಫೇರೋಗಳನ್ನು ಹೂಳುತ್ತಿದ್ದ ರಾಜರ ಕಣಿವೆಯಲ್ಲಿ 1899ರಲ್ಲಿ ಮೈಹೆರ್ಪ್ರಿ ಎಂಬವನ ಸಮಾಧಿ ಸಿಕ್ಕಿತು. ಅವನು ರಾಜನ ಬಲಗಡೆ ಚಾಮರ ಹಿಡಿಯುವ ಪದವಿಯಲ್ಲಿದ್ದವನು. ಅವನ ಸಮಾಧಿಯ ಪಪೈರಸ್ ಸುರುಳಿಯಲ್ಲಿ ಅವನ ಮೈಬಣ್ಣ ಕಡುಗಪ್ಪು.

ಅಸ್ವಾನಿಗೆ ಹೋದಾಗ, ಅಲ್ಲಿಯ ದೊಡ್ಡ ಅಣೆಕಟ್ಟೆಯ ನೀರಿನಲ್ಲಿ ಮುಳುಗಬೇಕಿದ್ದ ಅಬು ಸಿಂಬೆಲ್ ದೇಗುಲವನ್ನು ಹೇಗೆ ಕತ್ತರಿಸಿ ಎತ್ತರಕ್ಕೆ ಸಾಗಿಸಿ ಉಳಿಸಿದರೆಂದು ಮಾರ್ಗದರ್ಶಿ ಹೆಮ್ಮೆಯಿಂದ ಹೇಳುತ್ತಾನೆ. ಅದೇ ಅಣೆಕಟ್ಟೆಗಾಗಿ 1963-64ರಲ್ಲಿ ಸುಮಾರು 50,000 ನುಬಿಯನ್ನರನ್ನು ಅಸ್ವಾನಿನ ಉತ್ತರದ ಕೊಮ್ ಒಂಬೋ ಕಡೆಗೆ ಸಾಗಿಸಿದ್ದನ್ನು ನೀನೇ ಕೇಳಬೇಕು. ಅವರ ಹಳ್ಳಿಗಳು ನೀರಿನಡಿಯಲ್ಲಿವೆ, ಹಿಂತಿರುಗುವ ಹಕ್ಕಿಗಾಗಿ ಅವರ ಮಕ್ಕಳು ಇಂದಿಗೂ ದನಿ ಎತ್ತುತ್ತಿದ್ದಾರೆ. ಅಸ್ವಾನಿನಲ್ಲಿ 1997ರಲ್ಲಿ ತೆರೆದ ನುಬಿಯಾ ವಸ್ತುಸಂಗ್ರಹಾಲಯವಿದೆ. ನಿಮ್ಮ ಪ್ರವಾಸದ ಪಟ್ಟಿಯಲ್ಲಿ ಅದಿಲ್ಲದಿದ್ದರೆ ಈಗಲೇ ಹೇಳಿ ಸೇರಿಸಿಕೊ. ಅರ್ಧ ದಿನವಾದರೂ ಬೇಕು.

ಇಂತಿ ನಿನ್ನ ಗೆಳೆಯ